ಸುದ್ದಿಯ ಹುಡುಕಾಟ: ಯುದ್ಧಕೈದಿಗಳ ಮನೆಮಂದಿ ಮತ್ತು ಜನಪದ ಅಭಿವ್ಯಕ್ತಿ (ಉಪ್ಪಿನಬೆಟಗೇರಿ ಪರಿಸರವನ್ನು ಅನುಲಕ್ಷಿಸಿ)

1

ಕನ್ನಡ ನಾಡಿನಲ್ಲಿ ಯುದ್ಧ ಮತ್ತು ಸಾವಿನ ಸಂಬಂಧವನ್ನು ಕುರಿತ ಅಧ್ಯಯನಗಳಿಗೆ ವೀರಗಲ್ಲುಗಳು ಬಹುಮುಖ್ಯ ಆಕರಗಳಾಗಿವೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಮೊದಲಾದ ಸಂದರ್ಭಗಳಲ್ಲಿ ಹೋರಾಡಿ ಮಡಿದವರಿಗೆ ಊರವರು ಕಲ್ಲು ನಿಲ್ಲಿಸಿದ್ದಾರೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಶಿವಸಾನ್ನಿಧ್ಯ: ಹೀಗೆ ವೀರನ ಗತಿಯೇನಾಯಿತು ಎಂಬ ಪ್ರಶ್ನೆಗೆ ಈ ಕಲ್ಲುಗಳು ಸಂಪೂರ್ಣವಾದ ಉತ್ತರವನ್ನು ನೀಡುತ್ತವೆ. ಅವನು ಎಲ್ಲಿ ಬಿದ್ದ, ಯಾತಕ್ಕಾಗಿ ಬಿದ್ದ, ಈಗ ಎಲ್ಲಿದ್ದಾನೆ ಎಂಬ ಮೂರೂ ಸಂಗತಿಗಳು ಮನೆಯವರಿಗೆ ಗೊತ್ತಿವೆ. ಈ ತಿಳಿವಳಿಕೆಯೇ ಅವರ ದುಃಖಕ್ಕೆ ಒಂದು ನೆಲೆಯನ್ನು ಒದಗಿಸುತ್ತದೆ. ಕಲ್ಲಿಗೆ ಎಣ್ಣೆ ಎರೆಯಬಹುದು, ಕಾಯಿ ಒಡೆಯಬಹುದು, ಮಕ್ಕಳಿಗೆ ತೋರಿಸಬಹುದು.

ಆದರೆ ದಂಡಿಗೆ ಹೋಗಿ ಸತ್ತನೆಂಬ ಸುದ್ದಿಯೂ ಬಾರದ, ಬದುಕಿದ್ದಾನೆಂಬ ಸುದ್ದಿಯೂ ಬಾರದವನಿಗೆ ಕಲ್ಲಿಲ್ಲ. ಶತ್ರುವಿನ ಸೆರೆಯಲ್ಲಿ ಸಿಕ್ಕಿರಬಹುದೆಂಬ ಅನುಮಾನವೊಂದೇ ಮನೆಯಲ್ಲಿ ಉಳಿದಿರುತ್ತದೆ. ಇಂಥ ಮನೆಗಳ ಅನುಭವವನ್ನು ಹಿಡಿದಿಡುವ ಪ್ರಕಾರವೊಂದು ನಮ್ಮ ಜಾನಪದದಲ್ಲಿ ಇದೆಯೇ, ಇದ್ದರೆ ಅದನ್ನು ವಿದ್ವಾಂಸರು ಯಾವ ಹೆಸರಿನಿಂದ ಗುರುತಿಸಿದ್ದಾರೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಲಾವಣಿಯನ್ನು ವೀರರಸದ ನೆಲೆಯಿಂದಲೂ ಬೀಸುವ ಪದವನ್ನು ಕೌಟುಂಬಿಕ ಭಾವದ ನೆಲೆಯಿಂದಲೂ ಓದುವ ರೂಢಿ ನಮ್ಮಲ್ಲಿ ಬಲವಾಗಿದೆ. ಈ ವಿಂಗಡಣೆಯ ನಡುವೆ ಯುದ್ಧಕಾಲದ ಮನೆ ಕಾಣದಂತಾಗಿದೆ ಎಂಬುದೂ, ಅದನ್ನು ಕಾಣಲು ಬೇಕಾದ ಮುಖ್ಯ ಪಠ್ಯ ಎಲ್ಲರೂ ಬಲ್ಲ 'ಕೆರೆಗೆ ಹಾರ'ವೇ ಆಗಿದೆ ಎಂಬುದೂ ಈ ಲೇಖನದ ವಾದ.

2

ಈ ವಿಚಾರವನ್ನು ಉಪ್ಪಿನಬೆಟಗೇರಿಯ ಪರಿಸರದಲ್ಲಿ ನಿಂತು ನೋಡುವುದಕ್ಕೆ ಕಾರಣಗಳಿವೆ. ಧಾರವಾಡ ತಾಲ್ಲೂಕಿನ ಉತ್ತರ ಭಾಗದಲ್ಲಿ, ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರವಾಗಿರುವ ಈ ಊರಿನ ಸುತ್ತಲಿನ ನೆಲ ಸೆರೆಯ ನೆನಪುಗಳಿಂದ ತುಂಬಿದೆ. ಸಮೀಪದ ಯಾದವಾಡದಲ್ಲಿರುವ ಶಿವಾಜಿಯ ಶಿಲ್ಪ ಇತಿಹಾಸಾಸಕ್ತರಿಗೆ ಪರಿಚಿತವಾದುದು. ಅದರ ಒಂದು ಪಟ್ಟಿಕೆಯಲ್ಲಿ ಕುದುರೆಯೇರಿದ ಶಿವಾಜಿಯಿದ್ದರೆ, ಇನ್ನೊಂದರಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡ ಶಿವಾಜಿಯೂ ಎದುರಿಗೆ ಒಬ್ಬ ಹೆಣ್ಣುಮಗಳೂ ಇದ್ದಾರೆ. ಆಕೆ ಬೆಳವಡಿಯ ಮಲ್ಲಮ್ಮ ಎಂಬುದು ಪರಂಪರೆಯ ನಂಬಿಕೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಡ ಈಶಪ್ರಭು ಮಡಿದ ಮೇಲೆ ಮರಾಠಾ ಸೈನ್ಯವನ್ನು ಎದುರಿಸಿ ನಿಂತ ಮಲ್ಲಮ್ಮ ಸೆರೆಯಾದಳೆಂದೂ, ಶಿವಾಜಿ ಆಕೆಯನ್ನು ಗೌರವಿಸಿ ಸಂಸ್ಥಾನವನ್ನು ಹಿಂದಿರುಗಿಸಿದನೆಂದೂ ಈ ಪರಂಪರೆ ಹೇಳುತ್ತದೆ. ಸೆರೆ ಸಿಕ್ಕವಳು ಮನೆಗೆ ಮರಳಿದ ಕಥೆ ಇದು. ಹಾಗಾಗಿಯೇ ಇದಕ್ಕೆ ಕಲ್ಲು ದೊರೆತಿದೆ.

ಕಿತ್ತೂರಿನ ಕಥೆ ಇದಕ್ಕಿಂತ ಜಟಿಲವಾದುದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದಾಗ ಆತನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಚನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕರು. ಸುಮಾರು ಆರು ವಾರ ಅವರು ಕೋಟೆಯಲ್ಲಿದ್ದರು. ಅವರ ಯೋಗಕ್ಷೇಮ ಮತ್ತು ಬಿಡುಗಡೆಯೇ ಆ ದಿನಗಳ ಸಂಧಾನದ ಮುಖ್ಯ ವಿಷಯವಾಗಿತ್ತು. ಬಿಡುಗಡೆಯಾದ ಎಲಿಯಟ್ ಮುಂದೆ ಈ ಭಾಗದ ಶಾಸನಗಳ ಸಂಗ್ರಹಕ್ಕೆ ಕೈಹಾಕಿ, 595 ಶಾಸನಗಳ ಪ್ರತಿಗಳನ್ನು ಒಳಗೊಂಡ 'ಕರ್ನಾಟಕ ದೇಶ ಇನ್‌ಸ್ಕ್ರಿಪ್ಶನ್ಸ್' ಎಂಬ ಸಂಪುಟಗಳನ್ನು ಸಿದ್ಧಪಡಿಸಿದ. ಕನ್ನಡ ಶಾಸನಗಳ ಮೊದಲ ದೊಡ್ಡ ಸಂಗ್ರಹಕಾರನೊಬ್ಬ ಕಿತ್ತೂರಿನ ಯುದ್ಧಕೈದಿಯಾಗಿದ್ದನೆಂಬುದು ಗಮನಾರ್ಹ.

ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದು ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದಳು; 1829ರ ಫೆಬ್ರವರಿ 2ರಂದು ಅಲ್ಲಿಯೇ ತೀರಿಕೊಂಡಳು. ಇಬ್ಬರು ಆಂಗ್ಲ ಅಧಿಕಾರಿಗಳ ಆರು ವಾರದ ಸೆರೆಗೆ ಸರ್ಕಾರಿ ಕಡತಗಳಿವೆ. ರಾಣಿಯ ನಾಲ್ಕು ವರ್ಷಗಳ ಸೆರೆಯ ಒಳಬದುಕಿಗೆ ಜನ ತಮ್ಮದೇ ಐತಿಹ್ಯಗಳನ್ನು ಕಟ್ಟಿಕೊಂಡಿದ್ದಾರೆ. ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಸೆರೆಮನೆಯನ್ನು ಹೊಕ್ಕು ರಾಣಿಯನ್ನು ಕಂಡನೆಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಇದು ನಿಜವಾಗಿ ನಡೆಯಿತೇ ಎಂದು ಇತಿಹಾಸಕಾರರು ಕೇಳುತ್ತಾರೆ. ಜಾನಪದ ವಿದ್ವಾಂಸ ಕೇಳಬೇಕಾದ ಪ್ರಶ್ನೆ ಬೇರೆ. ಜನರಿಗೆ ಈ ಭೇಟಿ ಏಕೆ ಬೇಕಾಯಿತು? ಒಳಗಿರುವವಳಿಗೆ ಹೊರಗಿನ ಸುದ್ದಿ, ಹೊರಗಿರುವವರಿಗೆ ಒಳಗಿನವಳ ಸುದ್ದಿ ಮುಟ್ಟದೆ ಕಥೆ ಮುಂದುವರಿಯಲಾರದು. ಸರ್ಕಾರ ಮುಚ್ಚಿದ ಬಾಗಿಲನ್ನು ಐತಿಹ್ಯ ವೇಷಧಾರಿಯ ಮೂಲಕ ತೆರೆಯುತ್ತದೆ. ಜೆ. ಎಫ್. ಫ್ಲೀಟ್ 1885ರಿಂದ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ಬಂಡಾಯದ ಲಾವಣಿಯೂ ಇದೆ. ಆ ಕಾಲದಿಂದ ಇಂದಿನವರೆಗೆ ಈ ಲಾವಣಿಗಳನ್ನು ಬಂಡಾಯದ ಪಠ್ಯಗಳೆಂದು ಓದಲಾಗಿದೆ. ಅವುಗಳಲ್ಲಿ ಸುದ್ದಿ ಹೇಗೆ ಸಂಚರಿಸುತ್ತದೆ, ಯಾರು ತರುತ್ತಾರೆ, ಯಾರು ತಡೆಯುತ್ತಾರೆ ಎಂಬ ದಿಕ್ಕಿನ ಓದು ವಿರಳ.

3

20ನೆಯ ಶತಮಾನದಲ್ಲಿ ಸೆರೆಮನೆ ಬೈಲಹೊಂಗಲದಷ್ಟು ಹತ್ತಿರ ಉಳಿಯಲಿಲ್ಲ. ಬೆಳಗಾವಿ ಸೈನ್ಯಭರ್ತಿಯ ಕೇಂದ್ರವಾಗಿದ್ದುದರಿಂದ ಸುತ್ತಲಿನ ಹಳ್ಳಿಗಳ ತರುಣರ ಪಾಲಿಗೆ ದಂಡು ಒಂದು ಉದ್ಯೋಗವೂ ಆಗಿತ್ತು. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಕ್ಕೆ ಹೋದ ಆರನೆಯ ಪುಣೆ ಡಿವಿಜನ್ನಿನಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಕೂತ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕ ಈ ಸೈನ್ಯ 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಬಹುಪಾಲು ಭಾರತೀಯರು. ಸಿಪಾಯಿಗಳೊಂದಿಗೆ ಅಡುಗೆಯವರು, ನೀರು ಹೊರುವವರು, ಕುದುರೆ ನೋಡಿಕೊಳ್ಳುವವರು ಕೂಡ ಇದ್ದರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ಅನೇಕರನ್ನು ರಾಸ್ ಅಲ್ ಐನ್‌ನಲ್ಲಿ ಬಾಗ್ದಾದ್ ರೈಲುಮಾರ್ಗದ ಕೆಲಸಕ್ಕೆ ಹಚ್ಚಲಾಯಿತು. ಸಾವಿರಾರು ಜನ ಹಿಂದಿರುಗಲಿಲ್ಲ.

1922ರಲ್ಲಿ ಮರಾಠಾ ಪಲ್ಟಣಗಳ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಈ ರೆಜಿಮೆಂಟಿನ ಎರಡನೆಯ ಬಟಾಲಿಯನ್ ಉತ್ತರ ಆಫ್ರಿಕದ ತೊಬ್ರುಕ್‌ನಲ್ಲಿತ್ತು. 1942ರ ಜೂನ್ 21ರಂದು ತೊಬ್ರುಕ್ ಶರಣಾದಾಗ ಅದೂ ಸೆರೆಯಾಯಿತು. ಅದೇ ವರ್ಷದ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ವಶವಾದಾಗ ಸೆರೆಸಿಕ್ಕ ಭಾರತೀಯ ಸೈನ್ಯದಲ್ಲಿ ಮೈಸೂರು ಸಂಸ್ಥಾನದ ಪದಾತಿ ಪಡೆಯೂ ಇತ್ತು. ಹೀಗೆ ನಾಲ್ಕು ತಿಂಗಳ ಅಂತರದಲ್ಲಿ ಮುಂಬಯಿ ಕರ್ನಾಟಕದ ಮತ್ತು ಹಳೆ ಮೈಸೂರಿನ ಅದೆಷ್ಟೋ ಮನೆಗಳಲ್ಲಿ ಪತ್ರ ಬರುವುದು ನಿಂತಿತು.

ಇಂಥ ಮನೆಗಳಿಗೆ ಸುದ್ದಿ ಬರುವ ದಾರಿ ಯಾವುದಾಗಿತ್ತು? 1914ರ ಆಗಸ್ಟ್ 21ರಂದು ಜಿನೀವಾದಲ್ಲಿ ರೆಡ್‌ಕ್ರಾಸ್ ಸಮಿತಿ ಯುದ್ಧಕೈದಿಗಳ ಏಜೆನ್ಸಿಯನ್ನು ಆರಂಭಿಸಿತು. ಸೆರೆಯಾದವರ ಪಟ್ಟಿಗಳನ್ನೂ ಮನೆಯವರ ವಿಚಾರಣೆಗಳನ್ನೂ ಕಾರ್ಡುಗಳಲ್ಲಿ ಬರೆದು ಒಂದಕ್ಕೊಂದು ತಾಳೆ ನೋಡುವುದು ಅದರ ಕೆಲಸ. ಆ ಯುದ್ಧ ಮುಗಿಯುವ ವೇಳೆಗೆ ಅಲ್ಲಿ ಸುಮಾರು 70 ಲಕ್ಷ ಕಾರ್ಡುಗಳಿದ್ದವು. ಹಳ್ಳಿಯ ಮನೆಗೆ ಈ ವ್ಯವಸ್ಥೆ ಕಾಣುತ್ತಿದ್ದುದು ಅದರ ತುದಿಯಲ್ಲಿ ಮಾತ್ರ: ಟಪಾಲಿನವನು ತಂದ ಕಾಗದ, ಅದನ್ನು ಓದಿ ಹೇಳುವ ಶಾಲೆಯ ಮಾಸ್ತರ ಅಥವಾ ಕುಲಕರ್ಣಿ. ತಾಯಿ ಕೇಳುತ್ತಿದ್ದುದು ಮಗನ ದನಿಯನ್ನಲ್ಲ, ಮಾಸ್ತರನ ದನಿಯನ್ನು. ಜಪಾನ್ 1929ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿರಲಿಲ್ಲ. ಆದ್ದರಿಂದ ಪೂರ್ವದ ಸೆರೆಯಿಂದ ಬರುತ್ತಿದ್ದ ಸುದ್ದಿ ಇನ್ನೂ ಕ್ಷೀಣವಾಗಿತ್ತು. ಸೆರೆಯಲ್ಲಿದ್ದ ಎಷ್ಟೋ ಜನ ಆಜಾದ್ ಹಿಂದ್ ಫೌಜನ್ನು ಸೇರಿದ ಮೇಲೆ, ಮಗ ಕೈದಿಯೋ ಸೈನಿಕನೋ ಸರ್ಕಾರದ ಕಣ್ಣಿಗೆ ದ್ರೋಹಿಯೋ ಎಂಬ ಹೊಸ ಪ್ರಶ್ನೆಯೂ ಮನೆಯ ಮುಂದೆ ನಿಂತಿತು. 1945ರಲ್ಲಿ ಯುದ್ಧ ಮುಗಿಯುವವರೆಗೆ, ಅಂದರೆ ಮೂರೂವರೆ ವರ್ಷಗಳ ಕಾಲ, ಅನೇಕರಿಗೆ ಉತ್ತರ ದೊರೆಯಲಿಲ್ಲ.

ಪತ್ರ ಬಂದರೂ ಅದರಲ್ಲಿ ಎಲ್ಲವನ್ನೂ ಹೇಳುವಂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಸೈನ್ಯದ ಪರಿಶೀಲಕರು ಓದಿ ಆಯ್ದ ಭಾಗಗಳನ್ನು ಅನುವಾದಿಸಿಡುತ್ತಿದ್ದರು. ಆ ಭಾಗಗಳಲ್ಲಿ ಕರಿಮೆಣಸು, ಕೆಂಪು ಮೆಣಸು ಎಂಬ ಮಾತುಗಳು ಬರುತ್ತವೆ. ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸೆಂದರೆ ಬಿಳಿಯ ಸೈನಿಕರು. ಯಾವುದು ಎಷ್ಟು ಉಳಿದಿದೆ, ಎಷ್ಟು ತೀರಿದೆ ಎಂದು ಬರೆದರೆ ಊರಿನಲ್ಲಿ ಅರ್ಥವಾಗುತ್ತಿತ್ತು. ಅಡುಗೆಮನೆಯ ಪದಾರ್ಥದಲ್ಲಿ ರಣರಂಗವನ್ನು ಅಡಗಿಸುವ ಈ ಕ್ರಮ ಒಗಟಿನ ಕ್ರಮವಲ್ಲದೆ ಬೇರೆಯಲ್ಲ. ಒಗಟನ್ನು ಮಕ್ಕಳ ಮನರಂಜನೆ, ಬುದ್ಧಿಯ ಪರೀಕ್ಷೆ ಎಂದು ವಿವರಿಸುವ ನಮ್ಮ ಪಠ್ಯಪುಸ್ತಕಗಳು, ಹೇಳಬಾರದ ಸುದ್ದಿಯನ್ನು ಹೇಳುವ ಸಾಧನವಾಗಿಯೂ ಅದು ಕೆಲಸ ಮಾಡಬಲ್ಲದೆಂಬುದನ್ನು ಸೇರಿಸಿಕೊಳ್ಳಬೇಕಾಗಿದೆ.

ಇನ್ನೊಂದು ದೃಷ್ಟಾಂತ ಜರ್ಮನಿಯದು. ಬರ್ಲಿನ್ ಸಮೀಪದ ವುನ್ಸ್‌ಡಾರ್ಫ್‌ನ ಶಿಬಿರದಲ್ಲಿ ಭಾರತೀಯ ಕೈದಿಗಳೂ ಇದ್ದರು. ವಿಲ್ಹೆಲ್ಮ್ ಡೋಗೆನ್ ಎಂಬಾತನ ನೇತೃತ್ವದಲ್ಲಿ ಜರ್ಮನ್ ವಿದ್ವಾಂಸರು 1915ರಿಂದ 1918ರವರೆಗೆ ಕೈದಿಗಳ ಭಾಷೆ, ಹಾಡು, ಕಥೆಗಳನ್ನು ಧ್ವನಿಮುದ್ರಿಸಿಕೊಂಡರು. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಯಂತ್ರದ ಮುಂದೆ ನಿಂತು ತನ್ನ ಕಥೆಯನ್ನು ಒಬ್ಬಾನೊಬ್ಬ ಮನುಷ್ಯನ ಕಥೆಯೆಂಬಂತೆ ಹೇಳಿದ. ಹಿಂದುಸ್ಥಾನದಲ್ಲಿ ಬೆಣ್ಣೆ ತಿಂದು ಬೆಳೆದವನು ಯುರೋಪಿಗೆ ಬಂದು ಜರ್ಮನರ ಸೆರೆಯಾದ, ಈಗ ತನ್ನ ನಾಡಿಗೆ ಹೋಗಬಯಸುತ್ತಾನೆ ಎಂಬುದು ಅದರ ಸಾರ. 'ನಾನು' ಎನ್ನುವ ಬದಲು 'ಒಬ್ಬ ಮನುಷ್ಯ' ಎಂದುದೇ ಇಲ್ಲಿಯ ವಿಶೇಷ. ಧ್ವನಿಮುದ್ರಿಸಿದವರಿಗೆ ಬೇಕಾಗಿದ್ದುದು ಭಾಷೆಯ ಮಾದರಿ. ಹೇಳಿದವನಿಗೆ ಬೇಕಾಗಿದ್ದುದು ಸುದ್ದಿ ಊರಿಗೆ ಮುಟ್ಟುವುದು. ಅಜ್ಜಿಕಥೆಯ ಆರಂಭಸೂತ್ರ ಅವನಿಗೆ ಆ ಹೊತ್ತಿನಲ್ಲಿ ಒದಗಿ ಬಂದಿತು. ಆ ತಟ್ಟೆಗಳು ಬರ್ಲಿನ್ನಿನ ಸಂಗ್ರಹದಲ್ಲಿ ಉಳಿದವು. ಜಾನಪದ ಸಂಗ್ರಾಹಕನ ಆಸಕ್ತಿಗೂ ಹಾಡುಗಾರನ ಅಗತ್ಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ದೊರೆಯುವುದು ಕಷ್ಟ.

4

ಈ ಹಿನ್ನೆಲೆಯಲ್ಲಿ 'ಕೆರೆಗೆ ಹಾರ'ವನ್ನು ಮತ್ತೆ ಓದಬೇಕು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥನಗೀತೆ ಇದು. ಸಮುದಾಯದ ಹಿತಕ್ಕೆ ವ್ಯಕ್ತಿಯ ಬಲಿದಾನ ಎಂಬ ನೆಲೆಯಿಂದ ಇದನ್ನು ಹೊಗಳಿದವರಿದ್ದಾರೆ. ಹೆಣ್ಣಿನ ಮೇಲಿನ ಕುಟುಂಬದ ಕ್ರೌರ್ಯ ಎಂಬ ನೆಲೆಯಿಂದ ಸ್ತ್ರೀವಾದಿ ವಿಮರ್ಶಕರು ಇದನ್ನು ಪ್ರಶ್ನಿಸಿದ್ದಾರೆ. ಎರಡೂ ಓದುಗಳ ಕೇಂದ್ರದಲ್ಲಿರುವುದು ಬಲಿಯ ಪ್ರಸಂಗ. ಅದು ಮುಗಿದ ಮೇಲಿನ ಭಾಗವನ್ನು, ಗಂಡ ಮಾದೇವರಾಯ ಕೆರೆಗೆ ಹಾರುವುದೊಂದನ್ನು ಬಿಟ್ಟರೆ, ಈ ಓದುಗಳು ಬೇಗನೆ ದಾಟಿಬಿಡುತ್ತವೆ.

ಆದರೆ ಗೀತೆಯ ಉತ್ತರಾರ್ಧ ಸುದ್ದಿಯ ಹುಡುಕಾಟವೇ ಆಗಿದೆ. ಮಾದೇವರಾಯ ದಂಡಿನಲ್ಲಿದ್ದಾನೆ. ಮನೆಯಲ್ಲಿ ನಡೆದುದನ್ನು ಯಾರೂ ಆತನಿಗೆ ತಿಳಿಸಿಲ್ಲ. ಕೆಟ್ಟ ಕನಸೊಂದೇ ಮೊದಲ ಸುದ್ದಿ. ಕುದುರೆ ಏರಿ ಮನೆಗೆ ಬಂದು ಹೆಂಡತಿಯೆಲ್ಲಿ ಎಂದು ಕೇಳಿದರೆ ತವರಿಗೆ ಹೋಗಿದ್ದಾಳೆ ಎಂಬ ಉತ್ತರ. ತವರಿಗೆ ಹೋದರೆ ಗೆಳತಿಯ ಮನೆಗೆ ಹೋಗಿದ್ದಾಳೆ ಎಂಬ ಉತ್ತರ. ಗೆಳತಿಯ ಮನೆಯಲ್ಲಿ ಮಾತ್ರ ನಿಜ ತಿಳಿಯುತ್ತದೆ. ಇಲ್ಲಿ ಗೀತೆಯ ಪೂರ್ವಾರ್ಧದ ಒಂದು ವಿವರ ನೆನಪಾಗಬೇಕು. ಬಲಿಗೆ ಮುನ್ನ ತವರಿಗೆ ಹೋದ ಭಾಗೀರಥಿ ತಂದೆತಾಯಿಗಳ ಮುಂದೆ ನಿಜವನ್ನು ಹೇಳದೆ, ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ನಿಜವನ್ನು ಹೇಳಿದ್ದು ಗೆಳತಿಗೆ. ನಿಜ ಯಾರಲ್ಲಿ ಇಡಲ್ಪಟ್ಟಿತ್ತೋ ಅವಳಿಂದಲೇ ಅದು ಗಂಡನಿಗೆ ಮುಟ್ಟುತ್ತದೆ. ಹಿರಿಯರ ಮನೆಗಳೆರಡೂ ಈ ಸುದ್ದಿಯ ದಾರಿಯಲ್ಲಿ ತಡೆಗಳಾಗುತ್ತವೆ.

ಇಲ್ಲಿ ನಾಲ್ಕು ಅಂಶಗಳನ್ನು ಗುರುತಿಸಬಹುದು: ಅಧಿಕೃತ ಸುದ್ದಿಗಿಂತ ಮೊದಲು ಬರುವ ಕನಸು ಅಥವಾ ಶಕುನ, ಬಾಗಿಲಿಂದ ಬಾಗಿಲಿಗೆ ಅಲೆದಾಟ, ಸುಳ್ಳು ಎನ್ನಲಾಗದ, ನಿಜವೂ ಅಲ್ಲದ ಸಾಂತ್ವನದ ಉತ್ತರಗಳು, ಕೊನೆಗೆ ಸಮಾನಸ್ಕಂಧರ ಬಾಯಿಂದ ಬರುವ ನಿಜ. ದಂಡಿನಲ್ಲಿರುವವನು ಮನೆಯ ಸುದ್ದಿಯನ್ನು ಹುಡುಕುವ ಈ ಕಥೆಯನ್ನು ತಿರುಗಿಸಿ ಹಿಡಿದರೆ, ಮನೆಯವರು ದಂಡಿನಲ್ಲಿರುವವನ ಸುದ್ದಿಯನ್ನು ಹುಡುಕುವ ಕ್ರಮ ಕಾಣುತ್ತದೆ. ರೆಜಿಮೆಂಟಿನ ಕಚೇರಿ ಒಂದು ಮನೆ, ಜಿಲ್ಲಾ ಕಚೇರಿ ಇನ್ನೊಂದು ಮನೆ, ರಾಜಧಾನಿ ಮತ್ತೊಂದು. ಪ್ರತಿಯೊಂದೂ ಇನ್ನೊಂದರ ಕಡೆಗೆ ಬೆರಳು ಮಾಡುತ್ತದೆ. ನಿಜ ತಿಳಿಯುವುದು ಬಹುತೇಕ ಸೆರೆಯಿಂದ ಬಿಡುಗಡೆಯಾಗಿ ಬಂದ ಜೊತೆಯವನಿಂದ: ಆತನನ್ನು ಇಂಥಲ್ಲಿ ಕಂಡೆ, ಇಂಥ ರಾತ್ರಿ ಪಕ್ಕದ ಹಾಸಿಗೆಯಲ್ಲಿದ್ದ ಎಂಬ ಮಾತಿನಿಂದ. ಈ ಜೊತೆಯವನು ಯುದ್ಧಕಾಲದ ಗೆಳತಿ.

'ಕೆರೆಗೆ ಹಾರ' ಯುದ್ಧಕೈದಿಯನ್ನು ಕುರಿತ ಗೀತೆ ಎಂದು ವಾದಿಸುವುದು ಇಲ್ಲಿಯ ಉದ್ದೇಶವಲ್ಲ. ದಂಡಿಗೂ ಮನೆಗೂ ನಡುವೆ ಸುದ್ದಿ ಹರಿಯದ ಸ್ಥಿತಿಯನ್ನು ಈ ಸಮಾಜ ಎಷ್ಟು ಹಿಂದೆಯೇ ಒಂದು ಕಥನರೂಪಕ್ಕೆ ತಂದಿತ್ತು, ಆ ರೂಪ ಎಷ್ಟು ನಿಖರವಾಗಿತ್ತು ಎಂಬುದನ್ನು ಗುರುತಿಸುವುದು ಉದ್ದೇಶ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಸಂಕಲನಗಳನ್ನು ಹೊರತಂದಾಗ ಕೂತ್‌ನ ಶರಣಾಗತಿ ನಡೆದು 20 ವರ್ಷವೂ ಆಗಿರಲಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಹಾಡುಗಳನ್ನು ಉಳಿಸಿದ ಈ ಮಹನೀಯರ ಋಣ ದೊಡ್ಡದು. ಆದರೆ ಆ ಮೇಲಿನ ಅಧ್ಯಯನಗಳಲ್ಲಿ ಬೆಳೆದ ತವರು, ಅಣ್ಣತಮ್ಮ, ಮಗು, ಗಂಡ ಎಂಬ ಸಂಬಂಧವಾರು ವಿಂಗಡಣೆ ಹಾಡಿನ ಕಾಲವನ್ನು ಮರೆಮಾಡಿತು. ಬಾರದ ಅಣ್ಣನ ದಾರಿ ಕಾಯುವ ಹಾಡು ತವರಿನ ಹಾಡೆಂದು ದಾಖಲಾಯಿತು. ಅಣ್ಣ ಬಾರದಿರುವುದಕ್ಕೆ ಅತ್ತಿಗೆಯ ಮಾತು ಕಾರಣವೋ, ಮಳೆ ಕಾರಣವೋ, ಬಸರಾದ ಬಂದರು ಕಾರಣವೋ ಎಂದು ಕೇಳುವ ಅವಕಾಶ ಉಳಿಯಲಿಲ್ಲ. ಹಾಡಿದವಳ ಮನೆಯಿಂದ ಯಾರಾದರೂ ದಂಡಿಗೆ ಹೋಗಿದ್ದರೇ ಎಂಬ ಒಂದು ಪ್ರಶ್ನೆಯನ್ನು ಸಂಗ್ರಹಕಾಲದಲ್ಲಿ ಕೇಳಿದ್ದರೆ ಎಷ್ಟೋ ಹಾಡುಗಳ ಅರ್ಥ ಬೇರೆಯಾಗಬಹುದಿತ್ತು. ಹಿಟ್ಟಿನ ಗಿರಣಿಗಳು ಬಂದು ಬೀಸುವ ಕಲ್ಲುಗಳು ಮೂಲೆ ಸೇರಿದ ಮೇಲೆ ಆ ಪ್ರಶ್ನೆಯನ್ನು ಕೇಳಲು ಉಳಿದಿರುವವರು ಕಡಿಮೆ.

ಈ ಪರಿಸರದ ಮೊಹರಂ ಆಚರಣೆಯನ್ನೂ ಇಲ್ಲಿ ಗಮನಿಸಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ರಿವಾಯತ್ ಪದಗಳು ಕ್ರಿ.ಶ. 680ರ ಕರ್ಬಲಾ ಕಾಳಗವನ್ನು ಕುರಿತವು. ಕರ್ಬಲಾದ ವೃತ್ತಾಂತ ಹುಸೇನರ ಬಲಿದಾನದೊಂದಿಗೆ ಮುಗಿಯುವುದಿಲ್ಲ. ಅವರ ಮನೆತನದ ಹೆಣ್ಣುಮಕ್ಕಳು ಮತ್ತು ಮಕ್ಕಳು ಸೆರೆಯಾಗಿ ದಮಾಸ್ಕಸ್‌ವರೆಗೆ ಹೋಗುತ್ತಾರೆ. ಮರ್ಸಿಯಾ ಪರಂಪರೆಯಲ್ಲಿ ಮದೀನಾದ ಮನೆಯಲ್ಲಿ ಉಳಿದ ಮಗಳು ತಂದೆಯ ಸುದ್ದಿಗಾಗಿ ಕಾಯುವ ಪ್ರಸಂಗವೂ ಇದೆ. ಹೀಗೆ ಕಾಳಗ, ಸೆರೆ, ನಿರೀಕ್ಷೆ ಮೂರನ್ನೂ ಒಂದೇ ಶೋಕದಲ್ಲಿ ಕೂಡಿಸಿದ ಆಚರಣೆಯೊಂದು ನಮ್ಮ ಹಳ್ಳಿಗಳಲ್ಲಿ ವರ್ಷವರ್ಷವೂ ನಡೆಯುತ್ತ ಬಂದಿದೆ. ರಿವಾಯತ್ ಪದಗಳನ್ನು ಕೋಮುಸೌಹಾರ್ದದ ನಿದರ್ಶನವೆಂದು ಉದ್ಧರಿಸುವುದು ಯೋಗ್ಯವೇ. ಸೆರೆಯಾದವರ ಮನೆಯ ಶೋಕಕ್ಕೆ ಊರು ಕೊಟ್ಟ ಸಾರ್ವಜನಿಕ ರೂಪವೆಂದು ಅವುಗಳನ್ನು ಓದುವುದು ಇನ್ನೂ ಆಗಬೇಕಾದ ಕೆಲಸ.

5

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಯುದ್ಧಕೈದಿಯ ಮನೆಯನ್ನು ಕುರಿತು ಕರ್ನಾಟಕದಲ್ಲಿ ಅತ್ಯಂತ ಜನಪ್ರಿಯವಾದ ಕಥೆ ಕಾರ್ಯಪ್ಪನವರದು. 1965ರ ಸೆಪ್ಟೆಂಬರ್ 22ರಂದು ಅವರ ಮಗ, ವಾಯುಪಡೆಯ ಕೆ. ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಅವರ ಕಡೆಯಿಂದ ಮಗನ ಬಿಡುಗಡೆಯ ಸೂಚನೆ ಬಂದಾಗ, ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಎಲ್ಲರನ್ನೂ ಸಮಾನವಾಗಿ ನೋಡಿಕೊಳ್ಳಿರಿ ಎಂದು ತಂದೆ ಹೇಳಿದರೆಂಬುದು ಕಥೆ. ಮಗ 1966ರಲ್ಲಿ ಉಳಿದವರ ಜೊತೆ ಮರಳಿದರು. ಮುಂದೆ ಏರ್ ಮಾರ್ಷಲ್ ಆದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 'ಫೀಲ್ಡ್ ಮಾರ್ಷಲ್ ಹೀಗೆಂದರು' ಎನ್ನುತ್ತಾರೆ. ಆ ಪದವಿ ಅವರಿಗೆ ದೊರೆತದ್ದು 1986ರಲ್ಲಿ. 1965ರಲ್ಲಿ ಅವರು 12 ವರ್ಷಗಳ ಹಿಂದೆ ನಿವೃತ್ತರಾದ ಜನರಲ್. ಕಾಲದ ಈ ಪಲ್ಲಟ ಒಂದು ಘಟನೆ ಐತಿಹ್ಯವಾಗಿ ಬೆಳೆದುದರ ಗುರುತು. ಐತಿಹ್ಯವಾಗಿ ಇದು ಸತ್ಯಪರೀಕ್ಷೆಯ ಕಥೆಗಳ ಸಾಲಿಗೆ ಸೇರುತ್ತದೆ. ಸ್ವಂತ ಕರುಳಿಗಿಂತ ಧರ್ಮ ದೊಡ್ಡದೆಂದು ತೋರಿಸುವ ಈ ಮಾದರಿಯ ಘನತೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಇದನ್ನೇ ಎಲ್ಲ ಮನೆಗಳಿಗೂ ಆದರ್ಶವೆಂದು ಮುಂದಿಡುವಾಗ ಒಂದು ವ್ಯತ್ಯಾಸ ಮರೆಯಾಗುತ್ತದೆ. ಆ ತಂದೆಗೆ ಮಗ ಎಲ್ಲಿದ್ದಾನೆಂಬುದು ಗೊತ್ತಿತ್ತು. ಬಿಡುಗಡೆಯನ್ನು ನಿರಾಕರಿಸಬೇಕಾದರೆ ಬಿಡುಗಡೆಯ ಮಾತು ಬರಬೇಕು. ಅದಕ್ಕೂ ಮೊದಲು ಸುದ್ದಿ ಬರಬೇಕು. ಸುದ್ದಿಯೇ ಬಾರದ ತಾಯಿಗೆ ತ್ಯಾಗದ ಅವಕಾಶವೂ ಇಲ್ಲ. ಆಕೆ ಕೇಳುವುದು ರಿಯಾಯಿತಿಯನ್ನಲ್ಲ, ಇದ್ದಾನೆಯೇ ಇಲ್ಲವೇ ಎಂಬ ಒಂದು ಮಾತನ್ನು.

ಇದರ ತೀವ್ರತೆ 1971ರ ಯುದ್ಧದಲ್ಲಿ ಕಾಣೆಯಾದವರ ಪ್ರಕರಣದಲ್ಲಿ ಕಾಣುತ್ತದೆ. 1972ರ ಸಿಮ್ಲಾ ಒಪ್ಪಂದದ ಮತ್ತು 1973ರ ದೆಹಲಿ ಒಪ್ಪಂದದ ನಂತರ ಸುಮಾರು 93,000 ಪಾಕಿಸ್ತಾನಿ ಕೈದಿಗಳು ಮರಳಿದರು. ಭಾರತದ ಕಡೆಯ ಕೈದಿಗಳೂ ಬಂದರು. ಆದರೆ 'ಕಾಣೆಯಾದ 54' ಎಂದೇ ಹೆಸರಾದ ಪಟ್ಟಿಯ ಮನೆಗಳು ಕಾಯುತ್ತಲೇ ಉಳಿದವು. 1979ರಲ್ಲಿ ಸರ್ಕಾರವೇ ಲೋಕಸಭೆಯಲ್ಲಿ ಪಾಕಿಸ್ತಾನದ ಸೆರೆಯಲ್ಲಿರಬಹುದಾದವರ ಹೆಸರುಗಳನ್ನು ಮಂಡಿಸಿತು. ಪಾಕಿಸ್ತಾನ ನಿರಾಕರಿಸುತ್ತ ಬಂದಿದೆ. ಬ್ಯಾಡ್ಮಿಂಟನ್ ಆಟಗಾರ್ತಿ ದಮಯಂತಿ ತಾಂಬೆಯವರ ಗಂಡ, ಫ್ಲೈಟ್ ಲೆಫ್ಟಿನೆಂಟ್ ವಿಜಯ ತಾಂಬೆ, ಇವರಲ್ಲೊಬ್ಬರು. 1971ರ ಡಿಸೆಂಬರ್ 5ರ ಪಾಕಿಸ್ತಾನಿ ಪತ್ರಿಕೆಯೊಂದರಲ್ಲಿ ಸೆರೆಸಿಕ್ಕವರ ಪಟ್ಟಿಯಲ್ಲಿ ಅವರ ಹೆಸರನ್ನು ಹೋಲುವ ಹೆಸರಿತ್ತು. ಆ ಒಂದು ಹೆಸರಿನ ಬಲದಿಂದ ದಶಕಗಳ ಹುಡುಕಾಟ ನಡೆಯಿತು. 1983ರಲ್ಲಿಯೂ 2007ರಲ್ಲಿಯೂ ಕಾಣೆಯಾದವರ ಬಂಧುಗಳು ಪಾಕಿಸ್ತಾನಕ್ಕೆ ಹೋಗಿ ಸೆರೆಮನೆಗಳನ್ನು ನೋಡಿಬಂದರು. ಅವರು ಯಾರನ್ನೂ ಕಾಣಲಿಲ್ಲ.

ಈ ಹುಡುಕಾಟದಲ್ಲಿ ಹುಟ್ಟಿದ ಮೌಖಿಕ ಸಾಮಗ್ರಿ ಅಪಾರ: ರೇಡಿಯೋದಲ್ಲಿ ಅರ್ಧ ಕೇಳಿದ ಹೆಸರು, ಬಿಡುಗಡೆಯಾದ ಮೀನುಗಾರ ಹೇಳಿದ ಗುರುತು, ಗೋಡೆಯ ಮೇಲೆ ಕಂಡ ಅಕ್ಷರ. ಜಾನಪದ ಶಾಸ್ತ್ರದ ಪರಿಭಾಷೆಯಲ್ಲಿ ಇವು ವದಂತಿಗಳು. ಆ ಪರಿಭಾಷೆಯೊಳಗೆ ಒಂದು ತೀರ್ಪು ಅಡಗಿದೆ. ಅಧಿಕೃತ ಸುದ್ದಿಯ ಬಾಗಿಲು ಮುಚ್ಚಿದ ಕಡೆ ವದಂತಿ ಜನರ ತನಿಖೆಯ ಕ್ರಮವಾಗುತ್ತದೆ. ಪ್ರತಿ ವದಂತಿಯನ್ನೂ ಮನೆಯವರು ತೂಗಿ ನೋಡುತ್ತಾರೆ, ಒಂದಕ್ಕೊಂದು ಹೋಲಿಸುತ್ತಾರೆ, ಕೆಲವನ್ನು ಬಿಡುತ್ತಾರೆ. ಜಿನೀವಾದ ಕಾರ್ಡುಗಳ ತಾಳೆ ನೋಡುವ ಕೆಲಸವನ್ನೇ ಅವರು ತಮ್ಮ ನೆನಪಿನಲ್ಲಿ ಮಾಡುತ್ತಿರುತ್ತಾರೆ.

6

ಸುದ್ದಿಯಿಲ್ಲದಿರುವಿಕೆಯ ಭಾರ ಹೆಚ್ಚಾಗಿ ಬೀಳುವುದು ಹೆಂಡತಿಯ ಮೇಲೆ. ಕುಂಕುಮ, ಬಳೆ, ತಾಳಿ, ಹಬ್ಬದ ಪಂಕ್ತಿ, ಮದುವೆಯ ಆರತಿ ಎಲ್ಲವೂ ಆಕೆ ಮುತ್ತೈದೆಯೋ ಅಲ್ಲವೋ ಎಂಬುದನ್ನು ಅವಲಂಬಿಸಿವೆ. ಕಾನೂನು ಇದಕ್ಕೆ ಒಂದು ಅವಧಿಯನ್ನು ಗೊತ್ತುಮಾಡಿದೆ. 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಿನ ಪ್ರಕಾರ, ಒಬ್ಬನು ಬದುಕಿದ್ದರೆ ಯಾರಿಗೆ ಸಹಜವಾಗಿ ಆತನ ಸುದ್ದಿ ತಿಳಿಯುತ್ತಿತ್ತೋ ಅವರಿಗೆ ಏಳು ವರ್ಷ ಸುದ್ದಿ ತಿಳಿಯದಿದ್ದಲ್ಲಿ, ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಉಳಿಸಿಕೊಂಡಿದೆ. ಇಲ್ಲಿ ಸಾವಿನ ಊಹೆಗೆ ಆಧಾರವಾಗಿರುವುದು ದೇಹವಲ್ಲ, ಸುದ್ದಿ. ಮನೆಯವರು ಕೇಳಿಸಿಕೊಂಡರೇ ಇಲ್ಲವೇ ಎಂಬುದನ್ನೇ ಕಾನೂನು ಸಾಕ್ಷ್ಯವಾಗಿ ಎಣಿಸುತ್ತದೆ. ಆದರೆ ಏಳು ವರ್ಷ ತುಂಬಿದ ದಿನ ಬಳೆ ಒಡೆಯಲು ಯಾವ ಹೆಂಡತಿಯ ಕೈ ಏಳುತ್ತದೆ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ.

ಆಚರಣೆಯಲ್ಲಿ ಇದಕ್ಕೆ ಹತ್ತಿರವಾದ ಒಂದು ರೂಪವಿದೆ. ಉಪ್ಪಿನಬೆಟಗೇರಿಯ ಸುತ್ತಲಿನ ಹಳ್ಳಿಗಳಿಂದ ಜನ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಅಲ್ಲಿ ಚಳಿಗಾಲದ ಒಂದು ಹುಣ್ಣಿಮೆಯನ್ನು ರಂಡಿ ಹುಣ್ಣಿಮೆ ಎಂದು ಕರೆಯುತ್ತಾರೆ. ಜಮದಗ್ನಿಯ ಮರಣದಿಂದ ದೇವಿ ವಿಧವೆಯಾಗುವ ದಿನ ಅದು. ದೇವಿಯ ಬಳೆ, ಮಂಗಳಸೂತ್ರಗಳ ವಿಸರ್ಜನೆಯಾಗುತ್ತದೆ. ಮುಂದೆ ಬರುವ ಮುತ್ತೈದೆ ಹುಣ್ಣಿಮೆಯಂದು ಆಕೆ ಮತ್ತೆ ಮುತ್ತೈದೆಯಾಗುತ್ತಾಳೆ. ವೈಧವ್ಯ ಒಮ್ಮೆ ಬಂದರೆ ಹಿಂದಿರುಗದೆಂಬ ಲೋಕರೂಢಿಗೆ ಈ ಆಚರಣೆ ಒಂದು ಅಪವಾದ. ಇದರ ಮೂಲವನ್ನು ಪುರಾಣದಲ್ಲಿ, ದೇವದಾಸಿ ಪದ್ಧತಿಯ ಚರಿತ್ರೆಯಲ್ಲಿ, ಬೇಸಾಯದ ಋತುಚಕ್ರದಲ್ಲಿ ಹುಡುಕಿದ ಅಧ್ಯಯನಗಳಿವೆ; ಅವುಗಳ ಮಹತ್ವವನ್ನು ಕಡೆಗಣಿಸಬೇಕಾಗಿಲ್ಲ. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಎರಡು ಹುಣ್ಣಿಮೆಗಳ ನಡುವಿನ ಅವಧಿ. ಆ ದಿನಗಳಲ್ಲಿ ದೇವಿಯ ಸ್ಥಿತಿ ತೀರ್ಮಾನವಾದುದೂ ಹೌದು, ಹಿಂದಿರುಗಲಿರುವುದೂ ಹೌದು. ಕಾಣೆಯಾದವನ ಹೆಂಡತಿ ಬದುಕುವುದು ಇಂಥ ಅವಧಿಯಲ್ಲಿಯೇ. ದೇವಿಗೆ ಎರಡನೆಯ ಹುಣ್ಣಿಮೆಯ ದಿನ ಗೊತ್ತಿದೆ, ಈಕೆಗೆ ಗೊತ್ತಿಲ್ಲ.

ಇದು ಕೇವಲ ಸಾದೃಶ್ಯದ ಮಾತಲ್ಲವೆಂಬುದನ್ನು ಧಾರವಾಡ ಜಿಲ್ಲೆಯೇ 2016ರಲ್ಲಿ ಕಂಡಿತು. ಆ ವರ್ಷದ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಕ್ಕ ಹತ್ತು ಜನ ಸೈನಿಕರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಒಬ್ಬರು. ಎಲ್ಲರೂ ತೀರಿಕೊಂಡರೆಂದು ಮರುದಿನ ಘೋಷಣೆಯಾಯಿತು. 8ರ ರಾತ್ರಿ ಹಿಮದಡಿಯಲ್ಲಿ ಅವರು ಜೀವಂತವಾಗಿ ಸಿಕ್ಕರೆಂಬ ಸುದ್ದಿ ಬಂದಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇವರು ಯುದ್ಧಕೈದಿಯಲ್ಲ; ಆದರೆ ಒಂಬತ್ತು ದಿನಗಳಲ್ಲಿ ಒಂದು ಮನೆ ಸಾವು, ಬದುಕು, ಮತ್ತೆ ಸಾವು ಎಂಬ ಮೂರು ಸುದ್ದಿಗಳನ್ನು ಕೇಳಬೇಕಾಯಿತು. ನಾಡಿನ ಊರೂರುಗಳಲ್ಲಿ ಜನ ಹರಕೆ ಹೊತ್ತರು, ಪೂಜೆ ಮಾಡಿಸಿದರು, ದುವಾ ಮಾಡಿದರು. ಒಂಬತ್ತು ದಿನ ಇಡೀ ನಾಡು ಹಂಚಿಕೊಂಡ ಈ ತಳಮಳವನ್ನು ಯುದ್ಧಕೈದಿಯ ಮನೆ ಒಂಟಿಯಾಗಿ ವರ್ಷಗಟ್ಟಲೆ ಹೊರುತ್ತದೆ.

7

1949ರ ಮೂರನೆಯ ಜಿನೀವಾ ಒಪ್ಪಂದ ಕೈದಿಗೆ ಶಿಬಿರ ಸೇರಿದ ವಾರದೊಳಗೆ ಮನೆಗೂ ಕೇಂದ್ರ ಏಜೆನ್ಸಿಗೂ ಕಾರ್ಡು ಬರೆಯುವ ಹಕ್ಕನ್ನು ನೀಡಿದೆ. ಭಾರತ ಇದನ್ನು 1950ರಲ್ಲಿ ಸ್ಥಿರೀಕರಿಸಿದೆ. 1977ರ ಮೊದಲ ಪೂರಕ ಒಪ್ಪಂದ ಇನ್ನೂ ಮುಂದೆ ಹೋಗಿ, ತಮ್ಮವರ ಗತಿಯೇನಾಯಿತೆಂದು ತಿಳಿಯುವುದು ಕುಟುಂಬಗಳ ಹಕ್ಕೆಂದು ಒಪ್ಪಿದೆ. ಭಾರತ ಅದಕ್ಕೆ ಸೇರಿಲ್ಲ. ಹಕ್ಕಿನ ಭಾಷೆ ಬರುವುದಕ್ಕೆ ಬಹು ಮೊದಲೇ ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಈ ಮಾತನ್ನು ಆಡಿದ್ದಾರೆ. ಮಾದೇವರಾಯ ಮನೆಮನೆಯ ಬಾಗಿಲಲ್ಲಿ ಕೇಳಿದ್ದೂ ಇದನ್ನೇ.

ಜಾನಪದ ಅಧ್ಯಯನದ ಮುಂದಿರುವ ಕೆಲಸ ಹೀಗಿದೆ. ಮೊದಲನೆಯದಾಗಿ, ಲಾವಣಿ, ಕಥನಗೀತೆ, ಐತಿಹ್ಯ, ಒಗಟು, ಶಕುನ, ವದಂತಿ ಎಂಬ ಪ್ರಕಾರಗಳನ್ನು ಅಡ್ಡಹಾಯ್ದು 'ಸುದ್ದಿ ಕಥನ'ವನ್ನು ಒಂದು ಅಧ್ಯಯನ ಘಟಕವಾಗಿ ಗುರುತಿಸಬೇಕು. ಎರಡನೆಯದಾಗಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸೈನಿಕ ಮನೆತನಗಳಲ್ಲಿ ಉಳಿದಿರಬಹುದಾದ ಹಳೆಯ ಕಾಗದ, ಕಾರ್ಡು, ಮನಿಯಾರ್ಡರಿನ ಚೀಟಿಗಳನ್ನು ಅವುಗಳೊಂದಿಗಿನ ಮಾತುಗಳ ಸಮೇತ ದಾಖಲಿಸಬೇಕು. ಕಾಗದವೊಂದೇ ಸಿಕ್ಕರೆ ಸಾಲದು. ಅದನ್ನು ಯಾರು ಓದಿದರು, ಎಷ್ಟು ಸಲ ಓದಿಸಿದರು, ಯಾವ ದೇವರ ಜಗಲಿಯ ಮೇಲೆ ಇಟ್ಟರು ಎಂಬುದೂ ಬೇಕು. ಮೂರನೆಯದಾಗಿ, ಈಗಾಗಲೇ ಮುದ್ರಿತವಾಗಿರುವ ಸಂಕಲನಗಳಲ್ಲಿ ದಂಡು, ದಾರಿ, ಓಲೆ, ಕನಸುಗಳ ಉಲ್ಲೇಖವಿರುವ ಹಾಡುಗಳನ್ನು ಹಾಡಿದವರ ಊರು ಮತ್ತು ಕಾಲದೊಂದಿಗೆ ಮತ್ತೆ ಪರಿಶೀಲಿಸಬೇಕು.

ಇದು ವಿದ್ವತ್ತಿನ ಅಚ್ಚುಕಟ್ಟಿಗಾಗಿ ಮಾತ್ರ ಆಗಬೇಕಾದ ಕೆಲಸವಲ್ಲ. ವೀರನ ಮನೆಯನ್ನು ಸಮಾಜ ಗೌರವಿಸುತ್ತದೆ, ಏಕೆಂದರೆ ಅವನನ್ನು ಕುರಿತು ಹಾಡು ಇದೆ, ಕಲ್ಲು ಇದೆ. ಕಾಣೆಯಾದವನ ಮನೆಯ ದುಃಖಕ್ಕೆ ಹೆಸರಿಲ್ಲದಿರುವುದರಿಂದ ಅದು ಊರಿನ ಕಣ್ಣಿಗೆ ಹಟವಾಗಿ, ಭ್ರಮೆಯಾಗಿ ಕಾಣತೊಡಗುತ್ತದೆ. ಇಷ್ಟು ವರ್ಷವಾಯಿತು, ಇನ್ನೂ ಕಾಯುತ್ತಾಳೆ ಎಂಬ ಮಾತಿನಲ್ಲಿ ಕನಿಕರದಷ್ಟೇ ತಿರಸ್ಕಾರವೂ ಇರುತ್ತದೆ. ಆಕೆಯ ಕಾಯುವಿಕೆಗೆ ನಮ್ಮ ಹಾಡುಗಳಲ್ಲಿ ಪೂರ್ವಪರಂಪರೆಯಿದೆ, ಅದಕ್ಕೊಂದು ಕ್ರಮವಿದೆ ಎಂಬುದನ್ನು ತೋರಿಸಿಕೊಡುವುದು ಜಾನಪದ ವಿಮರ್ಶೆಯಿಂದ ಆಗಬಹುದಾದ ಸಣ್ಣ, ಆದರೆ ಅಗತ್ಯವಾದ ನ್ಯಾಯ.